ಸೀಮೆಸುಣ್ಣದ ಬಾಣ

ಇವತ್ತು ಬೆಳಿಗ್ಗೆ ಸೈಕಲ್ಲಿನ ಹಳೆಯ ಚೀಲವನ್ನು ಒಗೆಯಲು ಹಾಕುವ ಮುನ್ನ ತಿರುವಿ ಜಾಡಿಸಿದೆ. ಒಂದು ತುಂಡು ಸೀಮೆಸುಣ್ಣ ಅಂಗಳದ ಕಲ್ಲಿನ ಮೇಲೆ ಬಿದ್ದು ಎರಡಾಯಿತು. ಮೂವತ್ತು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದವನ ಮನೆಯಲ್ಲಿ ಸೀಮೆಸುಣ್ಣ ಸಿಗುವುದು ದೊಡ್ಡ ಸಂಗತಿಯೇನಲ್ಲ. ಆದರೂ ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಳಿತುಬಿಟ್ಟೆ. ಒಳಗಿನಿಂದ ಹೆಂಡತಿ, "ಯಾಕ್ರಿ, ಆರು ಹೊಡೀತು, ಇನ್ನೂ ಹೊಂಟಿಲ್ಲೇನು?" ಎಂದಳು. ನಾನು ಆರಕ್ಕೆ ಹೊರಡದಿದ್ದರೆ ಅವಳು ಮೊದಲು ಅನುಮಾನಿಸುವುದು ಗೋಡೆಯ ಗಡಿಯಾರವನ್ನು.

ನಿವೃತ್ತನಾದ ಮೇಲೆ ನನ್ನ ದಿನ ಕೆಡದಂತೆ ಕಾಪಾಡಿದ್ದು ರಾಯಚೂರಿನ ಕೆರೆ. ಆರಕ್ಕೆ ಮನೆ ಬಿಟ್ಟು ಕೆರೆಗೆ ಸೈಕಲ್ ಮೇಲೆ ಎರಡು ಸುತ್ತು, ಕೋಟೆಯ ಬುಡದಲ್ಲಿ ಐದು ನಿಮಿಷ ವಿಶ್ರಾಂತಿ, ಏಳಕ್ಕೆ ಮನೆ. ಈ ವೇಳಾಪಟ್ಟಿಗೆ ಸಿಕ್ಕಿಬಿದ್ದವರು ಇಬ್ಬರು. ಒಬ್ಬರು ಖಾಸೀಂ ಸಾಬರು, ತಲೆಯ ಮೇಲೆ ಸದಾ ಬಿಳಿ ಟೊಪ್ಪಿಗೆ. ಬಜಾರಿನಲ್ಲಿ ಬಟ್ಟೆ ಅಂಗಡಿ. ಈಗ ಅದನ್ನು ಮಗಳು ನೋಡಿಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆಗೆ ವೈದ್ಯರು ಸೈಕಲ್ ತುಳಿಯಲು ಹೇಳಿದ್ದರು. ಇವರು ತುಳಿಯುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ಎದುರಿಗೆ ಬಂದವರ ಮನೆಯ ಮದುವೆ, ಮಂದಿಯ ಮೊಣಕಾಲು ನೋವು, ಹತ್ತಿಯ ದರ, ಎಲ್ಲವನ್ನೂ ವಿಚಾರಿಸದೆ ಅವರ ಪೆಡಲು ಮುಂದಕ್ಕೆ ಹೋಗದು. ಇನ್ನೊಬ್ಬ ಶರಣಪ್ಪ, ಮಾನ್ವಿಯ ಅಕ್ಕಿ ಗಿರಣಿಯ ಯಜಮಾನ. ಹಣೆಯ ತುಂಬ ವಿಭೂತಿ, ಎತ್ತಿನಂಥ ಕಾಲು. ವಾರಕ್ಕೆರಡು ದಿನ ರಾಯಚೂರಿನಲ್ಲಿರುತ್ತಿದ್ದ.

ಕೆರೆ ಸಾಲದಾದಾಗ ನಾವು ಗುಡ್ಡಗಳ ಕಡೆ ಹೊರಟೆವು. ನಮ್ಮ ಸೀಮೆಯ ಗುಡ್ಡಗಳನ್ನು ನೀವು ನೋಡಿರಬಹುದು: ಯಾರೋ ಬಂಡೆಗಳನ್ನು ಪೇರಿಸಿಟ್ಟು, ಆಮೇಲೆ ಕಟ್ಟೋಣವೆಂದು ಮರೆತುಹೋದಂತಿವೆ. ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆ, ಬುಡದಲ್ಲಿ ಹಳ್ಳಿ, ಬುರುಜಿನ ಮೇಲೆ ಒಣಹಾಕಿದ ಮೆಣಸಿನಕಾಯಿ. ಒಂದು ತಿಂಗಳು ಚಂದ್ರಬಂಡದ ದಾರಿ, ಇನ್ನೊಂದು ತಿಂಗಳು ಬೇರೆ ದಾರಿ. ಮೂವರ ವೇಗ ಮೂರು ಬಗೆ. ಆದ್ದರಿಂದ ನಾನು ನಿಯಮಗಳನ್ನು ಮಾಡಿದೆ. ಯಾರೂ ಯಾರಿಗೂ ಕಾಯಬಾರದು. ದಾರಿ ಕವಲೊಡೆಯುವಲ್ಲಿ ಮೊದಲು ಬಂದವನು ದೂರ ತೋರಿಸುವ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬಾಣ ಬರೆದು ವೇಳೆ ಹಾಕಬೇಕು. ಎರಡನೆಯವನು ಕೆಳಗೊಂದು ಗೀಟು ಎಳೆಯಬೇಕು. ಕೊನೆಯವನು ಒದ್ದೆ ಬಟ್ಟೆಯಿಂದ ಎಲ್ಲ ಒರೆಸಬೇಕು, ಏಕೆಂದರೆ ಸರಕಾರದ ಕಲ್ಲನ್ನು ಹೊಲಸು ಮಾಡುವುದು ನನಗೆ ಸೇರದು. ಖಾಸೀಂ ಸಾಬರು ಬಾಣ ನೋಡಿ ಬರುತ್ತಿದ್ದರು. ಗೀಟು ಎಳೆಯುವುದನ್ನೋ ಒರೆಸುವುದನ್ನೋ ತಪ್ಪದೆ ಮರೆಯುತ್ತಿದ್ದರು. "ಮಾಸ್ತರ್, ನಾ ಬಂದೀನಲ್ಲ, ಅದಕಿಂತ ದೊಡ್ಡ ಗುರ್ತು ಬೇಕೇನ್ರಿ?" ಎನ್ನುತ್ತಿದ್ದರು.

ಇನ್ನೂ ಎರಡು ನಿಯಮಗಳಿದ್ದವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಸಾಬರು ಗಿಡಕ್ಕೊಮ್ಮೆ ಕೂತು ತಿನ್ನುತ್ತಾರೆಂದು ಅವರ ಖರ್ಜೂರ, ಬಿಸ್ಕೀಟು ನನ್ನ ಚೀಲದಲ್ಲಿ. ಅಂಗಡಿಯಿಂದ ಕರೆ ಬಂದಾಗಲೆಲ್ಲ ನಿಲ್ಲುತ್ತಾರೆಂದು ಅವರ ಫೋನೂ ನನ್ನ ಚೀಲದಲ್ಲಿ.

ನಾಲ್ಕು ವರ್ಷದ ಹಿಂದೆ, ಬೇಸಿಗೆ ಆಗತಾನೇ ಮುಖ ತೋರಿಸಿದ್ದ ದಿನಗಳಲ್ಲಿ, ಎರಡು ದಿನದ ಸುತ್ತು ಹಾಕಿಕೊಂಡೆವು. ಮೊದಲ ದಿನ ಮಸರಕಲ್ಲಿನ ಮೇಲೆ ಹಾದು ದೇವದುರ್ಗ. ಎರಡನೆಯ ದಿನ ಒಳದಾರಿಯಿಂದ ಬಾಗಲವಾಡ, ಅಲ್ಲಿಂದ ಮಾನ್ವಿ, ಶರಣಪ್ಪನ ಗಿರಣಿಯಲ್ಲಿ ಊಟ. ಎರಡನೆಯ ದಿನ ಬೆಳಿಗ್ಗೆ ಸಾಬರು ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಂಡಕ್ಕಿ ಸುಸಲದ ತಟ್ಟೆಯ ಮುಂದೆ ಕೂತು, ಪಕ್ಕದವನ ಜೊತೆ ಮಾತಿಗಿಳಿದಿದ್ದರು. ನಾನು ಗಡಿಯಾರ ತೋರಿಸಿದೆ. "ಆರೂವರಿ ಆತ್ರಿ ಸಾಬ್ರ, ಏಳ್ರಿ." ಅರ್ಧ ತಟ್ಟೆ ಹಾಗೇ ಉಳಿಯಿತು.

ಶರಣಪ್ಪ ಮುಂದೆ, ನಾನು ನಡುವೆ, ಸಾಬರು ಹಿಂದೆ. ದಾರಿಯಲ್ಲಿ ಒಂದು ಗುಡ್ಡದ ಹಳ್ಳಿ. ಅದರ ಕೋಟೆ ಬಾಗಿಲಿನ ಮೇಲೆ ಕೆತ್ತಿದ ಆನೆಯೊಂದಿದೆ ಎಂದು ಕೇಳಿದ್ದೆ. ವೇಳಾಪಟ್ಟಿಯಲ್ಲಿ ಹತ್ತು ನಿಮಿಷ ಮೊದಲೇ ತೆಗೆದಿಟ್ಟಿದ್ದರಿಂದ ಹತ್ತಿ, ನೋಡಿ, ಇಳಿದೆ. ಕೆಳಗೆ ಚಹಾದ ಒಲೆಯ ಮುಂದಿದ್ದ ಹೆಂಗಸನ್ನು, ನಮ್ಮವರು ಯಾರಾದರೂ ದಾಟಿದರೇ ಎಂದು ಕೇಳಿದೆ.

"ಬಿಳಿ ಟೊಪ್ಪಿಗಿ ಮುದುಕಪ್ಪ ಸೈಕಲ್ ಮ್ಯಾಲ ಈಗರ ಹೋದ್ನಲ್ಲರಿ" ಎಂದಳು.

ಬಿಳಿ ಟೊಪ್ಪಿಗೆ ಎಂದರೆ ಖಾಸೀಂ ಸಾಬರೇ. ಹಾಗಾದರೆ ಕೊನೆಯವನು ನಾನು. ಒಂದು ಮೈಲಿ ಆಚೆ, ಬೇವಿನ ಮರದ ಕೆಳಗೆ ದಾರಿ ಎರಡಾಗುವಲ್ಲಿ ಕಲ್ಲು ಸಿಕ್ಕಿತು. ಶರಣಪ್ಪನ ಬಾಣ ಎಡಕ್ಕೆ, ಪಕ್ಕದಲ್ಲಿ ವೇಳೆ. ಕೆಳಗೆ ಗೀಟು ಇರಲಿಲ್ಲ. ಇಲ್ಲಿ ನಾನು ಒಂದು ಕ್ಷಣ ನಿಂತೆ, ಅದು ಚೆನ್ನಾಗಿ ನೆನಪಿದೆ. ನನ್ನದೇ ನಿಯಮ ಆ ಕಲ್ಲಿನ ಮೇಲಿತ್ತು: ಗೀಟಿಲ್ಲವೆಂದರೆ ಎರಡನೆಯವನು ಬಂದಿಲ್ಲ. ಆದರೆ ನಾನು ನಂಬಿದ್ದು ಸಾಬರ ಅಶಿಸ್ತನ್ನು. ಮತ್ತೆ ಮರೆತರು ಎಂದು ಗೊಣಗಿಕೊಂಡು, ಬಟ್ಟೆ ಒದ್ದೆ ಮಾಡಿ, ಕಲ್ಲನ್ನು ತಿಕ್ಕಿ ಒರೆಸಿದೆ.

ಬಾಗಲವಾಡದಲ್ಲಿ ಶರಣಪ್ಪ ಒಬ್ಬನೇ ಕೂತಿದ್ದ.

"ಸಾಬ ಎಲ್ಲಿ?" ಎಂದ.

"ಮುಂದ ಬಂದಿಲ್ಲೇನು?"

"ಇಲ್ಲೋ ಮಾರಾಯ, ನಾ ಬಂದು ಅರ್ಧ ತಾಸಾತು. ಒಂದು ನರಪಿಳ್ಳೆ ಬಂದಿಲ್ಲ."

ಶರಣಪ್ಪ ಫೋನ್ ತೆಗೆದು ಸಾಬರ ನಂಬರು ಒತ್ತಿದ. ಅದು ನನ್ನ ಸೈಕಲ್ಲಿನ ಚೀಲದಲ್ಲಿ ಬಡಿದುಕೊಳ್ಳತೊಡಗಿತು. ಫೋನಿಗಾಗಿ ಚೀಲಕ್ಕೆ ಕೈ ಹಾಕಿದರೆ ಮೊದಲು ಬೆರಳಿಗೆ ತಗುಲಿದ್ದು ಖರ್ಜೂರದ ಪೊಟ್ಟಣ. ಸೂಜಿ ಚುಚ್ಚಿಕೊಂಡು, ಅರ್ಧ ತಟ್ಟೆ ತಿಂದು, ಬಿಸಿಲಲ್ಲಿ ಪೆಡಲು ತುಳಿಯುವ ಮನುಷ್ಯನಿಗೆ ಸಕ್ಕರೆ ಇಳಿದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಶರಣಪ್ಪ ಗಿರಣಿಯಿಂದ ಗಾಡಿ ಕರೆಸಲು ನಿಂತ. ನಾನು ಬಂದ ದಾರಿಗೆ ತಿರುಗಿದೆ.

ಆ ದಿನ ತುಳಿದಂತೆ ನಾನು ಯಾವತ್ತೂ ತುಳಿದಿಲ್ಲ. ಹತ್ತಿ ಹೊಲಗಳಲ್ಲಿ ಬಿಡಿಸುವವರು ತಲೆಯೆತ್ತಿ ನೋಡುತ್ತಿದ್ದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಅಂಥವರು ಈ ಕಡೆ ಬಂದಿಲ್ಲ. ಬೇವಿನ ಮರ ಇನ್ನೂ ದೂರವಿರುವಾಗ ಎದುರಿಗೆ ಒಂದು ಸೈಕಲ್ ಬಂತು. ಹಿಂದೆ ಮೇವಿನ ಹೊರೆ, ಮೇಲೆ ಒಬ್ಬ ಮುದುಕ, ತಲೆಯ ಮೇಲೆ ಬಿಳಿ ಟೊಪ್ಪಿಗೆ. "ಯಾಕ್ರೆಪಾ, ಎಲ್ಲಿಗಿ ಇಷ್ಟು ಜೋರು?" ಎಂದು ನಗುತ್ತಾ ದಾಟಿಹೋದ. ಚಹಾದ ಹೆಂಗಸು ಕಂಡಿದ್ದು ಇವನನ್ನೇ; ನಾನು ಇನ್ನೂ ಜೋರಾಗಿ ತುಳಿದೆ.

ಕಲ್ಲು ಖಾಲಿ ಇರಲಿಲ್ಲ. ನಾನು ಒರೆಸಿದ್ದ ಜಾಗದಲ್ಲೇ ಹೊಸ ಬಾಣವೊಂದಿತ್ತು, ಬಲಕ್ಕೆ. ಪಕ್ಕದಲ್ಲಿ ಡೊಂಕು ಅಂಕಿಗಳಲ್ಲಿ ವೇಳೆ. ಸಾಬರು ವೇಳೆ ಬರೆದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಬಲದ ದಾರಿ ಕಾಲುವೆಗೆ ಹೋಗಿ ಮತ್ತೆ ಒಡೆಯಿತು. ಸೇತುವೆಯ ಕಟ್ಟೆಯ ಮೇಲೆ ಇನ್ನೊಂದು ಬಾಣ, ಅಂಕಿಗಳು ಇನ್ನಷ್ಟು ಡೊಂಕು. ಅದರಾಚೆ ಒಂದು ಮೈಲಿಗಲ್ಲಿನ ಮೇಲೆ ಮೂರನೆಯದು. ಅದಕ್ಕೆ ತಲೆಯಿರಲಿಲ್ಲ, ವೇಳೆಯೂ ಇರಲಿಲ್ಲ, ಬರೀ ಒಂದು ಗೀಟು ಕೆಳಕ್ಕೆ ಜಾರಿಹೋಗಿತ್ತು. ಅದರ ಬುಡದಲ್ಲಿ ಸೀಮೆಸುಣ್ಣದ ತುಂಡು ಬಿದ್ದಿತ್ತು. ಎತ್ತಿ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ನನಗೆ ಗೊತ್ತಿಲ್ಲ.

ಕಾಲುವೆಯ ತೂಬಿನ ಹತ್ತಿರ, ಜಾಲಿಯ ನೆರಳಲ್ಲಿ, ಕುರಿಗಳ ನಡುವೆ ಸಾಬರು ಗೋಡೆಗೊರಗಿ ಕೂತಿದ್ದರು. ಅಂಗಿ ಹಿಂಡಿದರೆ ನೀರು ಇಳಿಯುವಂತಿತ್ತು. ಕುರಿ ಕಾಯುವ ಮುದುಕಿಯೊಬ್ಬಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ನೀವೇನ್ರಿ ಇವರ ಜೋಡಿ ಬಂದವರು? ಹೆಸರು ಹೇಳಾಕೂ ಬರ್ತಿದ್ದಿಲ್ಲ ಯಪ್ಪಾಗ. ನನ್ನ ಬುತ್ತ್ಯಾಗ ಬೆಲ್ಲ ಇತ್ತು, ಬಾಯಾಗ ಇಟ್ಟೆ. ಇವರ ಬುತ್ತಿ ಎಲ್ಲಿ ಅದ?"

"ನನ್ನ ಹತ್ರ ಅದ ಯವ್ವಾ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕುರಿಗಳ ಕಡೆ ತಿರುಗಿದಳು. ಸಾಬರು ಕಣ್ಣು ತೆರೆದು, "ಮಾಸ್ತರ್, ಟೈಮ್ ಬರೆದಿದ್ದೆ. ನೋಡಿದ್ರಾ?" ಎಂದರು.

ಸಂಜೆ ಗಿರಣಿಯ ಅಂಗಳದಲ್ಲಿ ಶರಣಪ್ಪ, "ಲೇ ಸಾಬ, ನಿಂದು ಯಾವಾಗೂ ಹಿಂಗ. ಅಷ್ಟು ದೊಡ್ಡ ಬಾಣ ಬರದಿದ್ದೆ, ಕಣ್ಣು ಎಲ್ಲಿಟ್ಟಿದ್ದಿ?" ಎಂದು ಬೈದ. ಸಾಬರು, "ಹೌದಪಾ, ನಂದ ತಪ್ಪು. ಸರಿ ನೋಡ್ಲಿಲ್ಲ" ಎಂದರು. ನಾನು ಮಜ್ಜಿಗೆ ಕುಡಿಯುತ್ತಿದ್ದೆ. ಲೋಟ ಖಾಲಿಯಾದ ಮೇಲೂ ಬಾಯಿಂದ ತೆಗೆಯಲಿಲ್ಲ.

ಆಮೇಲೆ ನನಗೆ ಮೊಣಕಾಲು ನೋವು ಬಂತು. ಬಂತೆಂದು ಹೇಳಿದೆ ಎಂದರೆ ಸರಿಯಾದೀತು. ಗುಡ್ಡದ ದಾರಿಗಳು ನಿಂತು ಕೆರೆಯ ಸುತ್ತು ಮಾತ್ರ ಉಳಿಯಿತು. ನಾಲ್ಕು ವರ್ಷ ದಿನವೂ ಸಾಬರ ಮುಂದೆ ಸೈಕಲ್ ತುಳಿದಿದ್ದೇನೆ; ಹಿಂದಿರುವವರ ಮುಖ ನೋಡುವ ಪ್ರಸಂಗ ಬರುವುದಿಲ್ಲ.

ಇವತ್ತು ಕಾಲು ಗಂಟೆ ತಡವಾಗಿ ಹೊರಟೆ. ಕೆರೆ ಏರಿಯ ಮೇಲೆ ಸಾಬರು ಚಹಾ ಕುಡಿಯುತ್ತಿದ್ದರು. ನಾನು ಸೈಕಲ್ಲಿನಿಂದ ಇಳಿದು, ಸೀಮೆಸುಣ್ಣದ ಎರಡು ತುಂಡುಗಳನ್ನು ಅಂಗೈಯಲ್ಲಿಟ್ಟು ಚಾಚಿದೆ. "ಆ ದಿನ ಬೇವಿನ ಗಿಡದ ಕಲ್ಲು ಒರೆಸಿದವ ನಾನು" ಎಂದೆ.

ಅವರು ಚಹಾ ಊದಿ ಒಂದು ಗುಟುಕು ಕುಡಿದರು. "ಗೊತ್ತದ. ಕಲ್ಲು ಇನ್ನೂ ಹಸಿ ಇತ್ತಲ್ಲ ಮಾಸ್ತರ್. ಅದನ್ನ ಅಷ್ಟು ಚೊಕ್ಕ ಒರೆಸೋರು ಈ ಜಿಲ್ಲೆದಾಗ ಇನ್ಯಾರು ಅದಾರ?"

"ಮತ್ತ ಅಲ್ಲೇ ಯಾಕ ನಿಲ್ಲಲಿಲ್ಲ?"

"ಕೈಕಾಲು ನಡಗಾಕತ್ತಿದ್ದವು. ಬಲಕ ಮನಿ ಮಾಳಿಗಿ ಕಂಡಂಗಾತು, ತಿನ್ನಾಕ ಏನರ ಸಿಗತದ ಅಂತ ಹೋದೆ. ನೀವು ಹುಡುಕ್ಕೋಂತ ಬರ್ತೀರಂತ ಗೊತ್ತಿತ್ತು. ಅದಕ್ಕ ಬಾಣ ಬರದೆ. ಟೈಮ್ ಇಲ್ಲಂದ್ರ ನೀವು ಬೈತೀರಂತ ಟೈಮೂ ಬರದೆ."

"ಶರಣಪ್ಪನ ಮುಂದ ಯಾಕ ಹೇಳಲಿಲ್ಲ?"

"ಮೂವತ್ತು ವರ್ಷ ಮಂದಿ ಮಕ್ಕಳ ತಪ್ಪು ಹಿಡದವರು. ನಿಮ್ಮದು ನೀವ ಹಿಡೀಲಿ ಅಂತ ಬಿಟ್ಟೆ. ನಾಕು ವರ್ಷ ತಗೊಂಡ್ರಿ." ಸಾಬರು ಲೋಟ ಕೆಳಗಿಟ್ಟರು. "ವ್ಯಾಳ್ಯಾಕ್ಕ ಬರೋದು ನಿಮಗೂ ಬರಂಗಿಲ್ಲ ನೋಡ್ರಿ."

ಹೀಗೆಂದು ಇನ್ನೊಂದು ಚಹಾ ಹೇಳಿದರು. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದರು. ಅವರ ಮೊಮ್ಮಗಳ ಪರೀಕ್ಷೆಯ ವಿಚಾರ ಶುರುವಾಯಿತು. ನಾನು ಏರಿಯ ಕಲ್ಲಿನ ಮೇಲೆ ಕುಳಿತೆ. ಗಡಿಯಾರ ನೋಡಲಿಲ್ಲವೆಂದರೆ ಸುಳ್ಳಾದೀತು. ಏಳು ದಾಟಿ ಹತ್ತು ನಿಮಿಷವಾಗಿತ್ತು. ಕಾದೆ.