ಹೊಗೆ ಎಂದುಕೊಂಡ ತಲೆನೋವು

ನಾನು ಅಜ್ಜಿ ಆದೆ. ಮೊಮ್ಮಗಳು ಇವತ್ತು ಠಾಣೆ ಪಟ್ಟಣದ ಆಸ್ಪತ್ರೆಯಿಂದ ಮನೆಗೆ ಬಂದಳು. ಬೆಳಿಗ್ಗೆ ನಮ್ಮ ಹೋಟೆಲಿಗೆ ಬಂದ ಟೆಂಪೋ ಡ್ರೈವರುಗಳಿಗೆಲ್ಲ ಶಿರಾ, ಅದೇ ನಮ್ಮ ಕೇಸರಿಬಾತು, ಪುಕ್ಕಟೆ. ಒಬ್ಬನಿಗೆ ನಾನು ಸುದ್ದಿಯನ್ನು ಎರಡು ಸಲ ಹೇಳಿದೆನಂತೆ. ಅವನು ಎರಡು ಸಲವೂ ಶಿರಾ ತಿಂದ. ನನ್ನ ಓದು ನಾಲ್ಕನೇ ಕ್ಲಾಸಿನದು. ಸಂತೋಷದಲ್ಲಿ ಅಕ್ಷರ ಎಡವಿದರೆ ನೀವೇ ಎತ್ತಿ ನಿಲ್ಲಿಸಿಕೊಳ್ಳಿ.

ಈಗ ಒಳಗೆ ಮಗು ಅಳುತ್ತಿದೆ. ಈ ಮನೆ ಕೇಳಬೇಕಾಗಿದ್ದ ಇನ್ನೊಂದು ಅಳು ಇತ್ತು.

ಉಡುಪಿ ಕಡೆಯಿಂದ ಮದುವೆಯಾಗಿ ಮಹಾರಾಷ್ಟ್ರದ ಭಿವಂಡಿ ಆಚೆಯ ಈ ಹಳ್ಳಿಗೆ ಬಂದಾಗ ನನಗೆ ತುಳು, ಕನ್ನಡ ಬಿಟ್ಟು ಬೇರೆ ಬಾರದು. ಬಸುರಿಯಾದಾಗ ತಪಾಸಣೆಗೆ ಅತ್ತೆಯೇ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದರು. ಸಿಸ್ಟರ್ ಮರಾಠಿಯಲ್ಲಿ ಕೇಳುವುದು, ಅತ್ತೆ ಉತ್ತರ ಕೊಡುವುದು, ನಾನು ಅಕ್ಕಿಮೂಟೆಯ ಹಾಗೆ ಕೂತಿರುವುದು. ಹೊಟ್ಟೆ ಮುಟ್ಟಿದವರು ಮುಖ ನೋಡಲಿಲ್ಲ. ತಲೆನೋವು ಅಂದರೆ ಅತ್ತೆ, “ಹೋಟೆಲಿನ ಹೊಗೆ ಮಾರಾಯ್ತಿ, ನಮಗೆಲ್ಲ ಇದ್ದದ್ದೇ” ಅನ್ನುತ್ತಿದ್ದರು. ಕಣ್ಣು ಮಂಜಾದದ್ದೂ ಹೊಗೆಯಿಂದಲೇ. ಕಾಲು ಬಾತದ್ದು ನಿಂತು ದೋಸೆ ಹುಯ್ದದ್ದಕ್ಕೆ. ಕೆಟ್ಟವರಲ್ಲ ಅವರು, ಒಲೆಯ ಮುಂದೆಯೇ ಮುದುಕಿಯಾದವರು.

ಒಂದು ದಿನ ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡೆನಂತೆ. ಎಚ್ಚರವಾದಾಗ ಹೊಟ್ಟೆ ಖಾಲಿ. ನನ್ನ ಯಜಮಾನರು ಮಗುವನ್ನು ಮಣ್ಣು ಮಾಡಿ ಬಂದಾಗಿತ್ತು. ಗಂಡೋ ಹೆಣ್ಣೋ ಯಾರೂ ಹೇಳಲಿಲ್ಲ. ಕೇಳಬಾರದು ಅಂತ ಅತ್ತೆ ಅಂದರು, ಕೇಳಲಿಲ್ಲ. ಅದು ಹೊಗೆಯಲ್ಲ, ಬಿ.ಪಿ. ಏರಿದ್ದು ಅಂತ ಮುಂದೆ ಮಗ ಹೊಟ್ಟೆಯಲ್ಲಿದ್ದಾಗ ಡಾಕ್ಟರು ಹೇಳಿದರು. ಮಗ ಹುಟ್ಟಿದ, ಅವನಿಗೂ ಮದುವೆಯಾಯಿತು.

ಸೊಸೆ ಮಯೂರಿ ಡೊಂಬಿವಲಿಯಲ್ಲಿ ಬೆಳೆದವಳು, ಅವಳ ಮರಾಠಿ ಕೇಳಿದರೆ ಇಲ್ಲಿಯವಳೇ ಅಂದುಕೊಳ್ಳಬೇಕು. ಆದರೂ ಬಸುರಿ ತಪಾಸಣೆಗೆ ಅವಳನ್ನು ಕರೆದುಕೊಂಡು ಹೋದಾಗ ಅದೇ ದವಾಖಾನೆಯಲ್ಲಿ ಸಿಸ್ಟರ್ ನನ್ನನ್ನು ನೋಡಿಯೇ ಸೊಸೆ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎನ್ನುವುದು ನನ್ನ ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡೆ.

“ನೀನೇ ಹೇಳು ಮಗಾ,” ಅಂದೆ.

ಮಯೂರಿ ನನ್ನ ಮುಖ ನೋಡಿದಳು. ಆಮೇಲೆ, ತಲೆ ಸಿಡಿಯುತ್ತದೆ, ಕಣ್ಣೆದುರು ಮಿಣುಕುಹುಳ ಹಾರಿದ ಹಾಗೆ ಆಗುತ್ತದೆ ಎಂದಳು. ಮನೆಯಲ್ಲಿ ನನಗೂ ಹೇಳಿರಲಿಲ್ಲ. ಸಾಲು ಉದ್ದ ಇತ್ತು. ನಿದ್ದೆ ಸಾಲದು ಎಂದು ಸಿಸ್ಟರ್ ಮುಂದಿನವಳನ್ನು ಕರೆದಳು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಿ.ಪಿ. ನೋಡದೆ ಏಳುವುದಿಲ್ಲ ಎಂದೆ. ನೀವೇನು ಡಾಕ್ಟರಾ ಆಜಿ ಎಂದು ಚುಚ್ಚಿದಳು.

“ಅಲ್ಲ. ಒಂದು ಕಳಕೊಂಡವಳು,” ಅಂದೆ, ನನ್ನ ಹರಕು ಮರಾಠಿಯಲ್ಲಿ.

ಸಿಸ್ಟರ್ ಮಯೂರಿಯ ತೋಳಿಗೆ ಪಟ್ಟಿ ಕಟ್ಟಿದಳು. ಬಿಚ್ಚಿ, ಮತ್ತೆ ಕಟ್ಟಿದಳು. ಎದ್ದು ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಠಾಣೆಯಲ್ಲಿ ದಿನ ತುಂಬುವ ಮೊದಲೇ ಮಗುವನ್ನು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಷ್ಟು ದಿನವೂ ನಾನು ಹೊರಗಿನ ಬೆಂಚಿನಲ್ಲೇ ಇದ್ದೆ. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಇವತ್ತು ಸಂಜೆ ಹೋಟೆಲಿನ ಶಟರ್ ಬೇಗ ಎಳೆದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗು ಮಯೂರಿಯ ತೊಡೆಯ ಮೇಲೆ. ಅವಳು ಅನ್ನಕ್ಕೆ ಮೆಣಸಿನ ಸಾರು ಕಲಸುತ್ತಾ ಕೇಳಿದಳು:

“ಅತ್ತೆ, ನಿಮ್ಮ ಫಸ್ಟ್ ಬೇಬಿ ಬಾಯ್ ಇತ್ತಾ, ಗರ್ಲ್ ಇತ್ತಾ?”

ನನಗೆ ಗೊತ್ತಿಲ್ಲ ಅಂದೆ. ಮಗನ ಕೈ ತಟ್ಟೆಯಲ್ಲೇ ನಿಂತಿತು. ಯಜಮಾನರು ತಲೆ ಎತ್ತಲಿಲ್ಲ.

“ಹೆಣ್ಣು,” ಅಂದರು. ತುತ್ತು ಕಲಸುತ್ತಾ, “ತಲೆ ತುಂಬ ಕೂದಲಿತ್ತು,” ಅಂದರು.

ನಾನು ಎದ್ದು ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿ, ಬಂದು ಅವರ ಪಕ್ಕದಲ್ಲಿ ಕೂತು ಉಂಡೆ.