ಸುಮತಿ ಚಿಕ್ಕಮ್ಮನ ತಂತಿ

ಮೊನ್ನೆ ವಿಟ್ಲದ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಒಳಗಿನಿಂದ ಬೆಸುಗೆಯ ಹೊಗೆ ಬಂತು. ಸೀಸ ಕರಗಿ ರಾಳ ಸುಡುವ ವಾಸನೆ. ಪಕ್ಕದಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಇನ್ನೂ ಹತ್ತಿರ ಹೋಗಿ ಎದೆ ತುಂಬ ಎಳೆದುಕೊಂಡೆ. ಮಾಣಿ ಎಂಬ ಊರಿನ ನನ್ನ ಅಜ್ಜಿಮನೆಯ ಜಗಲಿಗೆ ಇದೇ ವಾಸನೆ ಇತ್ತು. ಆ ಮನೆ ಈಗಿಲ್ಲ, ಅದಿದ್ದ ಜಾಗದಲ್ಲಿ ಅಗಲವಾದ ಹೆದ್ದಾರಿ ಉಂಟು. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗಲೆಲ್ಲ ಅಜ್ಜಿಯ ಅಡುಗೆಮನೆಯ ಮೇಲೆಯೇ ನಾನು ಟಿಕೆಟ್ ತೆಗೆದುಕೊಂಡು ಹಾದುಹೋಗುತ್ತೇನೆ.

ಆಗ ರಸ್ತೆಗೆ ಮುಖ ಮಾಡಿ ಜಗನ್ನಾಥ ಮಾವನ ಹೋಟೆಲು, ಅದರ ಬೆನ್ನಿಗೆ ಮನೆ. ಮಾವನ ತಂಗಿ, ನನ್ನ ಅಮ್ಮನಿಗೂ ತಂಗಿ, ಸುಮತಿ ಚಿಕ್ಕಮ್ಮ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಅವಳ ಓಡಾಟವೆಲ್ಲ ಜಗಲಿಯಿಂದ ಒಳಕೋಣೆಗೆ, ಒಳಕೋಣೆಯಿಂದ ಜಗಲಿಗೆ. ಆದರೆ ಅವಳ ಧ್ವನಿ ಮಾತ್ರ ಎಲ್ಲಿಗೂ ಹೋಗುತ್ತಿತ್ತು. ಅವಳು ಹ್ಯಾಮ್ ರೇಡಿಯೋದವಳು, ಮನೆಯಲ್ಲೇ ಕೂತು ದೂರದೂರಿನವರೊಡನೆ ರೇಡಿಯೋದಲ್ಲಿ ಮಾತಾಡಲು ಸರಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವಳು. ಬೆಳಿಗ್ಗೆ ಹೋಟೆಲಿನಲ್ಲಿ ಗೋಳಿಬಜೆಯ ಬಾಣಲೆ ಚುಂಯ್ ಎನ್ನುವ ಹೊತ್ತಿಗೆ ಇವಳು ಮೈಕು ಹಿಡಿದು ಕೂರುತ್ತಿದ್ದಳು. ಕಾರವಾರದವರೊಬ್ಬರು ಒಂದೊಂದೇ ಹೆಸರು ಕರೆಯುತ್ತಿದ್ದರು; ಶಿವಮೊಗ್ಗದವರು, ಕಾಸರಗೋಡಿನವರು, ಇವಳು, ಹೀಗೆ ಒಬ್ಬೊಬ್ಬರಾಗಿ ಓಗೊಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಫೋನ್ ನಂಬರನ್ನೂ ಅವಳು ಯಾರಿಗೂ ಕೊಡಲಿಲ್ಲ. ಫೋನಿನಲ್ಲಿ ಮಾತಾಡುವುದಾದರೆ ಈ ತಂತಿಯೆಲ್ಲ ಯಾಕೆ ಎಂದು ಅವಳ ಗತ್ತು.

ಮಳೆಗಾಲ ಕಳೆದ ಮೇಲೆ ಆ ತಂತಿಯನ್ನು, ಎಂದರೆ ರೇಡಿಯೋದ ಆಂಟೆನಾವನ್ನು, ಹೊಸದಾಗಿ ಕಟ್ಟಬೇಕು. ಅಂಗಡಿಯಲ್ಲಿ ಸಿಗುವ ಆಂಟೆನಾ ಅವಳಿಗೆ ಆಗದು. ಮಾವ ಎರಡೂ ಕೈ ಚಾಚಿ ತಾಮ್ರದ ತಂತಿಯನ್ನು ಮಾರು ಲೆಕ್ಕದಲ್ಲಿ ಅಳೆಯುತ್ತಿದ್ದರು. ಚಿಕ್ಕಮ್ಮ ಚಾಪೆಯ ಮೇಲೆ ಕೂತು ತಂತಿಯ ಎರಡು ಸಮಪಾಲುಗಳ ನಡುವೆ ಪೈಪಿನ ತುಂಡು ಕೊಟ್ಟು, ರೇಡಿಯೋಕ್ಕೆ ಹೋಗುವ ಕೇಬಲನ್ನು ಅಲ್ಲಿಗೆ ಬೆಸುಗೆ ಹಾಕುವಳು. "ಅಣ್ಣ, ಸ್ವಲ್ಪ ಉದ್ದವೇ ಇರಲಿ. ಉದ್ದ ಆದದ್ದನ್ನು ಮಡಚಬಹುದು. ಗಿಡ್ಡ ಆದರೆ ನಿಮ್ಮ ಮೀಸೆ ಕಟ್ಟಿ ಜೋಡಿಸುವುದಾ?" ಎಂದು ಹೋಟೆಲಿಗೆ ಬಂದ ಅಷ್ಟು ಜನರೆದುರು ಮಾವನನ್ನು ಕಾಡಿಸುವಳು. ಒಂದು ತುದಿ ಹೋಟೆಲಿನ ಮಾಡಿಗೆ, ಇನ್ನೊಂದು ತುದಿ ರಸ್ತೆ ಬದಿಯ ದೂಪದ ಮರಕ್ಕೆ. ಮಾವ ಕಲ್ಲು ಕಟ್ಟಿದ ಹಗ್ಗವನ್ನು ಕೊಂಬೆಯ ಮೇಲೆ ಎಸೆದರೆ ಅದು ಮೊದಲು ತಮ್ಮದೇ ಹಂಚಿನ ಮೇಲೆ ಬೀಳುತ್ತಿತ್ತು. ಚಾ ಕುಡಿಯುತ್ತಿದ್ದವರೆಲ್ಲ ಅಂಗಳಕ್ಕೆ ಬಂದು ಸಲಹೆ ಕೊಡುತ್ತಿದ್ದರು. ತಂತಿ ಮೇಲೇರಿದ ಮೇಲೆ, ಅಳತೆ ಸರಿಯಾಯಿತೆಂದು ರೇಡಿಯೋದ ಮೀಟರಿನ ಮುಳ್ಳು ಮಲಗುವವರೆಗೆ ತುದಿಗಳನ್ನು ಇಷ್ಟಿಷ್ಟೇ ಮಡಚುತ್ತ ಹೋಗುವುದು. ನನಗೆ ಅದು ಹಬ್ಬ. ಒಂದು ವಾರ ಕಳೆಯುವುದರೊಳಗೆ ಹೋಟೆಲಿನವರು ಯಾರೋ ಅದರ ಮೇಲೆ ಮೈ ಒರೆಸಿದ ಒದ್ದೆ ಬೈರಾಸು ಒಣಗಲು ಹರವಿರುತ್ತಿದ್ದರು. "ಯಾರು ಮಾರಾಯ್ರೆ ಅದು? ಕಾರವಾರದವರು ನನಗೀಗ ಕೇಳ್ತಾ ಇಲ್ಲ!" ಎಂದು ಒಳಗಿನಿಂದ ಬೊಬ್ಬೆ ಏಳುತ್ತಿತ್ತು.

ನಾನು ಮದುವೆಯಾಗಿ ಅಳದಂಗಡಿಗೆ ಬಂದು ಎಷ್ಟೋ ವರ್ಷಗಳ ಮೇಲೆ ರಸ್ತೆ ಅಗಲ ಮಾಡಿದರು. ಮೊದಲು ದೂಪದ ಮರಗಳು ಹೋದವು, ಮತ್ತೆ ಹೋಟೆಲು, ಆಮೇಲೆ ಮನೆ. ಮಾವ ತಂಗಿಯನ್ನು ಕರೆದುಕೊಂಡು ಬಂಟ್ವಾಳದ ಒಂದು ಫ್ಲ್ಯಾಟಿಗೆ ಹೋದರು. ಟೆರೇಸಿನಲ್ಲಿ ತಂತಿ ಕಟ್ಟಲು ಅಸೋಸಿಯೇಶನ್ನಿನವರು ಬಿಡಲಿಲ್ಲ. ಸಿಡಿಲು ಬಡಿಯುತ್ತದಂತೆ, ಕಟ್ಟಡದ ಚಂದ ಹಾಳಾಗುತ್ತದಂತೆ. ಆ ಕಟ್ಟಡಕ್ಕೆ ಯಾವ ಚಂದ ಇತ್ತೋ ದೇವರೇ ಬಲ್ಲ. ಮಾವ ಹಟ ಬಿಡದೆ ಕೋಣೆಯ ಒಳಗೇ ಗೋಡೆಯ ಸುತ್ತ ತಂತಿ ಸುತ್ತಿದರು. ಲಿಫ್ಟು, ಇನ್ವರ್ಟರು, ಬಲ್ಬುಗಳ ಕರಕರವಲ್ಲದೆ ಏನೂ ಕೇಳಿಸಲಿಲ್ಲ. ಆದರೂ ಬೆಳಿಗ್ಗೆ ಅವಳು ಆ ರೇಡಿಯೋವನ್ನೇ ಹಚ್ಚಿ ಕೂರುತ್ತಿದ್ದಳು. "ಜನ ಇದ್ದಾರೆ ಅಣ್ಣ, ಈ ಗಲಾಟೆಯ ಹಿಂದೆ ಇದ್ದಾರೆ," ಎನ್ನುವಳು. ನೋಡನೋಡುತ್ತ ಅವಳ ಮಾತು ಕಡಿಮೆಯಾಯಿತು. ಯಾರನ್ನೂ ಕಾಡಿಸುವುದಿಲ್ಲ, ಯಾರಿಗೂ ಬೈಯುವುದಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನನ್ನ ಮನೆಗೆ ಅಂಗಳ ಉಂಟು, ಮರ ಉಂಟು, ಇಲ್ಲಿಗೆ ಬನ್ನಿ ಎಂದೆ. "ಬರುವ ಆದಿತ್ಯವಾರ ಕರ್ಕೊಂಡು ಬರ್ತೇನೆ ಮಗಾ, ತಂತಿ ನಾನೇ ಕಟ್ತೇನೆ," ಎಂದರು ಮಾವ. ಫ್ಲ್ಯಾಟಿನ ಓಣಿಯಲ್ಲಿ ಕೈ ಚಾಚಿ ತಂತಿ ಅಳೆದರಂತೆ. ಚಿಕ್ಕಮ್ಮ ಮಂಚದ ಮೇಲೆ ಕೂತೇ ಬೆಸುಗೆ ಹಾಕಿದಳಂತೆ, ಮೀಸೆಯ ಮಾತೂ ಬಂತಂತೆ. ಆ ಆದಿತ್ಯವಾರ ಬರುವ ಮೊದಲೇ ಜ್ವರ ಎದೆಗಿಳಿದು ಅವಳು ಹೋಗಿಬಿಟ್ಟಳು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವ ಒಬ್ಬರೇ ಅಳದಂಗಡಿಗೆ ಬಂದರು. ಒಂದು ಕೈಯಲ್ಲಿ ಅವಳ ರೇಡಿಯೋ, ಇನ್ನೊಂದು ಕೈಯಲ್ಲಿ ಸುತ್ತಿದ ತಂತಿ. "ಕಟ್ಟುವ ಮಗಾ, ಅವಳಿಗೆ ಮಾತು ಕೊಟ್ಟಿದ್ದೇನೆ," ಎಂದರು. ನಾನು ಏಣಿ ತಂದೆ. ಕಟ್ಟಿದೆವು. ಜಗಲಿಯಲ್ಲಿ ರೇಡಿಯೋ ಹಚ್ಚಿದರೆ ಕಾರವಾರದವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸಿತು. ಒಂದೊಂದೇ ಹೆಸರು ಕರೆಯುತ್ತ ಬಂದರು. ಅಷ್ಟು ತಿಂಗಳು ಉತ್ತರವಿಲ್ಲದಿದ್ದರೂ ಅವಳ ಹೆಸರು ಬಿಟ್ಟಿರಲಿಲ್ಲ. "ಮಾಣಿಯ ಸುಮತಿ ಅಕ್ಕ, ಇದ್ದೀರಾ?" ಕಾದರು. ಮತ್ತೊಮ್ಮೆ ಕರೆದರು.

ಅವಳಿಲ್ಲ ಎಂದು ಹೇಳಬೇಕಿತ್ತು. ಆದರೆ ಲೈಸೆನ್ಸ್ ಇಲ್ಲದವರು ಕೇಳಬಹುದು, ಮಾತಾಡುವ ಹಾಗಿಲ್ಲ. ನಮ್ಮಿಬ್ಬರಿಗೂ ಲೈಸೆನ್ಸ್ ಇರಲಿಲ್ಲ. ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಮಾತಾಡುವ ಗುಂಡಿ ಒತ್ತಲಿಲ್ಲ. "ಇವತ್ತೂ ಇಲ್ಲ ಅಂತ ಕಾಣ್ತದೆ. ನಾಳೆ ನೋಡುವ," ಎಂದು ಕಾರವಾರದವರು ಮುಂದಿನ ಹೆಸರಿಗೆ ಹೋದರು.

"ಎಷ್ಟು ಚಂದ ಕೇಳ್ತದೆ ನೋಡು ಮಗಾ," ಎಂದರು ಮಾವ, ಮತ್ತೆ ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟರು.