ಬಳೆಯ ಮರೆಯಲ್ಲಿದ್ದ ಮೂಳೆ

೧೯೫೨ರಲ್ಲಿ ನಾನು ಲಿಂಗಸುಗೂರಿನಲ್ಲಿ ವ್ಯಾಪಾರಿಯೊಬ್ಬರು ನಡೆಸುತ್ತಿದ್ದ ಧರ್ಮಾರ್ಥ ದವಾಖಾನೆಯ ಡಾಕ್ಟರನಾಗಿದ್ದೆ. ವಯಸ್ಸು ಇಪ್ಪತ್ತೆಂಟು, ಹೈದರಾಬಾದಿನಲ್ಲಿ ಓದಿ ಬಂದವನೆಂಬ ಹಮ್ಮು ಬೇರೆ. ಜೊತೆಗಿದ್ದವರು ಕಾಂಪೌಂಡರ್ ಶರಣಪ್ಪ ಒಬ್ಬರೇ. ಎಕ್ಸ್‌ರೇ ಬೇಕೆಂದರೆ ರೋಗಿಯನ್ನು ರಾಯಚೂರಿನ ಬಸ್ಸು ಹತ್ತಿಸಬೇಕಿತ್ತು. ಹೋಗಿಬರುವುದರಲ್ಲಿ ಎರಡು ದಿನ ಕಳೆದುಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಮಸ್ಕಿಯಿಂದ ಅಮರಮ್ಮ ಎಂಬ ಹೆಂಗಸು ಅತ್ತೆಯ ಜೊತೆ ಬಂದಳು. ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಇವರದೊಂದು ಸಣ್ಣ ಖಾನಾವಳಿ. ದಿನಕ್ಕೆ ನೂರು ಜೋಳದ ರೊಟ್ಟಿ ಬಡಿಯುವವಳು ಅಮರಮ್ಮ. ಮನೆ ನಡೆಯುತ್ತಿದ್ದುದೇ ಅವಳ ಕೈಯಿಂದ. ಗಂಡ ತುಂಗಭದ್ರಾ ಕಾಲುವೆಯ ಕೆಲಸದಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಗುಂಪಿನಲ್ಲಿದ್ದ. ಎರಡು ತಿಂಗಳಿಂದ ಅವನ ಸುದ್ದಿಯಿರಲಿಲ್ಲ. ಇವಳು ಜೋಳದ ಚೀಲ ಹೇರಿದ ಬಂಡಿಯಿಂದ ಇಳಿಯುವಾಗ ಜಾರಿ, ಬಲಗೈ ಊರಿ ಬಿದ್ದಿದ್ದಳು. ಮಣಿಕಟ್ಟು ಊದಿತ್ತು, ಅದರ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆಗಳಿದ್ದವು.

ರಾಯಚೂರಿಗೆ ಕಳಿಸಿದೆ. ಊದಿದ ಕೈಯಿಂದ ಬಳೆ ಇಳಿಯಲಿಲ್ಲ, ಒಡೆಯಲು ಅತ್ತೆ ಬಿಡಲಿಲ್ಲ. ಅಲ್ಲಿಯವರು ಬಳೆಗಳನ್ನು ಆದಷ್ಟು ಮೇಲೆ ಸರಿಸಿ, ಎದುರಿನಿಂದೊಂದು, ಪಕ್ಕದಿಂದೊಂದು ಚಿತ್ರ ತೆಗೆದು, ಮುರಿತವಿಲ್ಲ ಎಂಬ ಚೀಟಿಯೊಂದಿಗೆ ಕಳಿಸಿದ್ದರು. ನಾನು ಚೀಟಿ ಓದಿದೆ. ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದ ಶಾಸ್ತ್ರ ಮಾಡಿದೆ. ಬರೀ ಉಳುಕು ಎಂದು ಹಲಗೆಪಟ್ಟಿ ಕಟ್ಟಿ ಕಳಿಸಿಬಿಟ್ಟೆ.

ಬಿದ್ದ ಹದಿನೈದನೇ ದಿನ ಅವಳು ತಿರುಗಿ ಬಂದಳು. ಪಟ್ಟಿ ಬಿಚ್ಚಿ ರೊಟ್ಟಿಗೆ ಕೂತಿದ್ದಳಂತೆ. ಬಲಗೈಯ ತೋರುಬೆರಳ ತುದಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು.

"ರೊಟ್ಟಿ ತಿರುವಿ ಹಾಕೂಮುಂದ ಹಂಚಿಗೆ ಹತ್ತೇತ್ರಿ," ಎಂದಳು. "ಬೊಬ್ಬಿ ಎದ್ದ ಮ್ಯಾಲೆ ನೋಡೀನಿ. ಸುಟ್ಟದ್ದ ಗೊತ್ತಾಗಲಿಲ್ಲ."

ಕಪಾಟಿನಿಂದ ಚಿತ್ರಗಳನ್ನು ತೆಗೆದು ಮತ್ತೆ ಕಿಟಕಿಗೆ ಹಿಡಿದೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ, ಎರಡು ಸಾಲಾಗಿ. ಅವನ್ನು ಒಂದಕ್ಕೊಂದು ಬಿಗಿದಿಟ್ಟಿರುವ ಪಟ್ಟಿಗಳೇ ಲಿಗಮೆಂಟುಗಳು. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದಿಲ್ಲ. ಮೂಳೆ ತನ್ನ ಜಾಗ ಬಿಟ್ಟಿದ್ದರೆ ಅದನ್ನು ನೋಡಿ ಲಿಗಮೆಂಟು ಹರಿದಿದೆಯೆಂದು ನಾವು ತಿಳಿಯಬೇಕು. ನಡುವಿನ ಮೂಳೆಗೆ ಲ್ಯೂನೇಟ್ ಎನ್ನುತ್ತಾರೆ, ಅರ್ಧಚಂದ್ರದ ಆಕಾರದ್ದು. ಎದುರಿನ ಚಿತ್ರದಲ್ಲಿ ಅದು ಚೌಕವಾಗಿ ಕಾಣಬೇಕು. ಇಲ್ಲಿ ತ್ರಿಕೋನವಾಗಿತ್ತು. ಒಂದು ಮೂಲೆಯನ್ನು ಬಳೆಯ ನೆರಳು ನುಂಗಿದೆಯೆಂದು ಅಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಪಕ್ಕದ ಚಿತ್ರದಲ್ಲಿ ಬಳೆಗಳು ಜಾರಿ ಸರಿಯಾಗಿ ಮಣಿಕಟ್ಟಿನ ಮೇಲೇ ಕೂತಿದ್ದವು. ಆ ಬಿಳಿ ಗೆರೆಗಳ ಹಿಂದೆ, ಅಂಗೈಯ ಕಡೆಗೆ ಮಗುಚಿ ಬಿದ್ದ ಲ್ಯೂನೇಟ್ ಈಗ ಕಂಡಿತು. ಹದಿನೈದು ದಿನಗಳಿಂದ ಅದು ಬೆರಳುಗಳಿಗೆ ಸ್ಪರ್ಶಜ್ಞಾನ ಕೊಡುವ ನರವನ್ನು ಒತ್ತಿ ಕೂತಿತ್ತು. ಮೂರು ವಾರ ದಾಟಿದರೆ ಕೈಯಿಂದ ಎಳೆದು ಕೂರಿಸುವುದು ಬಹುತೇಕ ಆಗದ ಮಾತು. ಆಮೇಲೆ ಹೈದರಾಬಾದಿನಲ್ಲಿ ಆಪರೇಷನ್ನೇ ಗತಿ, ಅದೂ ನರ ಉಳಿದಿದ್ದರೆ.

ಗಾಬರಿಯಲ್ಲಿ ನನ್ನ ನಾಲಿಗೆಗೆ ಲಗಾಮಿರಲಿಲ್ಲ. "ಬಳೆ ಈಗಲೇ ಒಡೆಯಬೇಕು," ಎಂದೆ.

ಅತ್ತೆ ಎದ್ದು ನಿಂತಳು. "ನನ್ನ ಮಗ ಮದ್ದಿನ ಮುಂದ ಅದಾನ. ನೀವು ಇಲ್ಲಿ ಕುಂತು ಆಕಿ ಬಳಿ ಒಡೀರಿ ಅಂತೀರಿ. ನಡಿಯವ್ವಾ."

ಸೊಸೆಯ ಎಡಗೈ ಹಿಡಿದು ಹೊರಟೇಬಿಟ್ಟಳು. ಕೈ ಹೋದೀತು, ಬೆರಳು ಸತ್ತಾವು ಎಂದು ನಾನು ಹಿಂದಿನಿಂದ ಹೇಳಿದಷ್ಟೂ ಅವಳ ಹೆಜ್ಜೆ ಜೋರಾಯಿತು. ಮಸ್ಕಿಯ ಬಸ್ಸಿಗೆ ಅರ್ಧ ಗಂಟೆಯಿತ್ತು. ಅದು ಹೊರಟರೆ ಇವರು ಇನ್ನು ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಶರಣಪ್ಪ ಬಸ್ ಸ್ಟ್ಯಾಂಡಿಗೆ ಓಡಿದರು. ಬರುವಾಗ ಅತ್ತೆ ಸೊಸೆಯರ ಜೊತೆ ಅಲ್ಲಿ ಬಳೆ ಮಾರುವ ಹುಸೇನಬಿಯೂ ಇದ್ದಳು. ಅತ್ತೆಯನ್ನು ಒಪ್ಪಿಸಿ ಕರೆತಂದವಳು ಅವಳೇ. ಅವಳು ಬುಟ್ಟಿ ಇಳಿಸಿ ನನ್ನನ್ನು ನೋಡಿದಳು.

"ಒಡಿ ಅನಬಾರದ್ರಿ ಸಾಹೇಬ್ರ. ಮುತ್ತೈದಿ ಬಳಿ ಒಡ್ಯಾಂಗಿಲ್ಲ, ಹೆಚ್ಚತಾವ. ಇಷ್ಟ ಓದೀರಿ, ಇದೊಂದು ಗೊತ್ತಿಲ್ಲೇನು?"

ಗೊತ್ತಿತ್ತು. ನಮ್ಮ ಮನೆಯಲ್ಲೂ ಬಳೆ ಒಡೆದರೆ ಅಶುಭದ ಮಾತು ಬೇಡವೆಂದು ಬಳೆ ಹೆಚ್ಚಿತು ಎಂದೇ ಹೇಳುತ್ತಿದ್ದರು. ಓದಿನ ಭರದಲ್ಲಿ ಅದನ್ನು ಹೆಂಗಸರ ಮಾತೆಂದು ಬದಿಗಿಟ್ಟಿದ್ದೆ.

ಹುಸೇನಬಿ ಮೊದಲು ಅಮರಮ್ಮನ ಎಡಗೈಗೆ, ಇದ್ದ ಬಳೆಗಳ ಮೇಲೆ ಹದಿಮೂರು ಹೊಸ ಬಳೆ ಏರಿಸಿದಳು. "ಹನ್ನೆರಡು ಹೋಗಿ ಹದಿಮೂರು ಬಂದ್ವು. ಹೆಚ್ಚಾದ್ವಿಲ್ಲವ್ವಾ?" ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಮೂರು ಸಲ ಎಣಿಸಿ ತಲೆಯಾಡಿಸಿದಳು. ಆಮೇಲೆ ಹುಸೇನಬಿ ಬಲಗೈಗೆ ಒದ್ದೆ ಬಟ್ಟೆ ಸುತ್ತಿ, ಒಂದು ಚೂರೂ ಚುಚ್ಚದಂತೆ ಒಂದೊಂದನ್ನೇ ತೆಗೆದಳು.

ಶರಣಪ್ಪ ಕ್ಲೋರೋಫಾರ್ಮ್ ಹನಿಸಿದರು. ಬೆರಳುಗಳನ್ನು ಹಿಡಿದೆಳೆಯಲು ಇನ್ನೊಬ್ಬರು ಬೇಕಿತ್ತು. ಹುಸೇನಬಿಯೇ ಸೆರಗು ಸಿಕ್ಕಿಸಿ ನಿಂತಳು. ಹತ್ತು ನಿಮಿಷ ಎಳೆದ ಮೇಲೆ ನಾನು ಹೆಬ್ಬೆರಳಿನಿಂದ ಮೂಳೆಯನ್ನು ಒತ್ತಿ ಮಣಿಕಟ್ಟನ್ನು ಮಡಿಸಿದೆ. ಅದು ಮಿಸುಕಲಿಲ್ಲ. ಎರಡನೇ ಸಲ ಒತ್ತಿದಾಗ ಒಳಗೆ ಟಕ್ಕೆಂದಿತು. ಪ್ಲಾಸ್ಟರ್ ಹಾಕಿ ರಾಯಚೂರಿಗೆ ಕಳಿಸಿದೆ. ಈ ಸಲ ಬಂದ ಚಿತ್ರದಲ್ಲಿ ಲ್ಯೂನೇಟ್ ಚೌಕವಾಗಿತ್ತು.

ಮೂರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದೆವು. ನಡುವೆ ಗಂಡ ಊರಿಗೆ ಬಂದು ಹೋದನೆಂದು ಅತ್ತೆ ನಗುತ್ತ ಹೇಳಿದಳು. ಹೆಬ್ಬೆರಳಿಗೆ, ನಡುಬೆರಳಿಗೆ ಮೆಲ್ಲಗೆ ಸ್ಪರ್ಶ ಮರಳಿತು. ದೀಪಾವಳಿಯ ಹೊತ್ತಿಗೆ ಅಮರಮ್ಮ ಮತ್ತೆ ಮೊದಲಿನಂತೆ ರೊಟ್ಟಿ ಬಡಿಯುತ್ತಿದ್ದಳು. ಆದರೆ ತೋರುಬೆರಳ ತುದಿ ಸತ್ತದ್ದು ಸತ್ತೇಹೋಯಿತು.

ಸಿಂಧನೂರಿಗೆ ಹೋಗುವಾಗೊಮ್ಮೆ ಅವರ ಖಾನಾವಳಿಯಲ್ಲಿ ಊಟಕ್ಕೆ ಇಳಿದೆ. ಮನಸ್ಸು ತಡೆಯದೆ ಹೇಳಿಯೇಬಿಟ್ಟೆ. "ತಪ್ಪು ನನ್ನದಮ್ಮ. ಮೊದಲನೇ ಸಲವೇ ಚಿತ್ರ ಸರಿಯಾಗಿ ನೋಡಿದ್ದರೆ ಆ ಬೆರಳು ಉಳಿಯುತ್ತಿತ್ತು."

ಅಮರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಚಿತ್ರ ಯಾಕ್ರೀ ಡಾಕ್ಟರ್ರ? ಬೆರಳಿಗೆ ಜೋಮ ಹಿಡದೈತ್ರಿ ಅಂತ ಬಿದ್ದ ದಿನಾನ ನಾ ನಿಮಗ ಹೇಳಿದ್ನಲ್ರೀ."

ದವಾಖಾನೆಗೆ ಮರಳಿ, ಮೊದಲ ದಿನ ನಾನು ಬರೆದಿಟ್ಟಿದ್ದ ಅವಳ ಚೀಟಿ ಹುಡುಕಿ ತೆಗೆದೆ. ಊತ, ನೋವು, ಎಕ್ಸ್‌ರೇ ಎಂದು ನನ್ನ ಅಕ್ಷರದಲ್ಲೇ ಬರೆದಿತ್ತು. ಜೋಮಿನ ಮಾತು ಅದರಲ್ಲಿರಲಿಲ್ಲ. ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೂ, ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಮೊದಲು ಬರೆದುಕೊಂಡು, ಆಮೇಲೆ ಕೈ ಮುಟ್ಟಿ, ಕಡೆಗೆ ಚಿತ್ರ ನೋಡುವುದು ನನ್ನ ಪದ್ಧತಿಯಾಯಿತು. ಅವಳು ಹೇಳಿಯೇ ಇದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎಷ್ಟು ನೆನಪಿಸಿಕೊಂಡರೂ ಆ ಮಾತು ನನ್ನ ಕಿವಿಗೆ ಬಿದ್ದ ನೆನಪಾಗುವುದಿಲ್ಲ.